ಸಿಎಫ್ಎ ಫ್ರಾಂಕ್‌ನ ಪರೀಕ್ಷಾ ನಾಣ್ಯಗಳು: ಬೆಂಗಳೂರಿನಿಂದ ಸಂಗ್ರಹಿಸುವ ಕ್ರಮ

ಹೊಸ ನಾಣ್ಯವನ್ನು ಚಲಾವಣೆಗೆ ಬಿಡುವ ಮೊದಲು ವಿನ್ಯಾಸ, ಲೋಹ ಮತ್ತು ಅಚ್ಚಿನ ಆಳ ಸರಿಯಾಗಿವೆಯೇ ಎಂದು ನೋಡಿ ಒಪ್ಪಿಗೆ ಪಡೆಯುವುದಕ್ಕಾಗಿ ಟಂಕಸಾಲೆಗಳು ಕೆಲವು ಮಾದರಿಗಳನ್ನು ಮುದ್ರಿಸುತ್ತವೆ. ಬಹಳಷ್ಟು ದೇಶಗಳಲ್ಲಿ ಇಂಥ ಮಾದರಿಗಳು ಟಂಕಸಾಲೆಯ ಬೀರುವಿನಲ್ಲೇ ಉಳಿಯುತ್ತವೆ, ಇಲ್ಲವೇ ಮತ್ತೆ ಮೂಸೆ ಸೇರುತ್ತವೆ. ಪ್ಯಾರಿಸ್ ಟಂಕಸಾಲೆಯ ಪದ್ಧತಿ ಬೇರೆ. ಅದು ತನ್ನ ಪರೀಕ್ಷಾ ನಾಣ್ಯಗಳ ಮೇಲೆ ‘ಎಸ್ಸೇ’ ಎಂದು, ಅಂದರೆ ಇ, ಎಸ್, ಎಸ್, ಎ, ಐ ಎಂಬ ಐದು ರೋಮನ್ ಅಕ್ಷರಗಳನ್ನು, ಅಚ್ಚಿನಲ್ಲೇ ಕೆತ್ತಿ, ನಿಗದಿತ ಸಂಖ್ಯೆಯಲ್ಲಿ ಮುದ್ರಿಸಿ, ಅಧಿಕಾರಿಗಳಿಗೆ ಹಂಚಿದ್ದಲ್ಲದೆ ಸಂಗ್ರಾಹಕರಿಗೂ ಮಾರುತ್ತಿತ್ತು. ಸ್ವತಂತ್ರ ಆಫ್ರಿಕದ ಹದಿನಾಲ್ಕು ದೇಶಗಳು ಇಂದು ಬಳಸುತ್ತಿರುವ ಸಿಎಫ್ಎ ಫ್ರಾಂಕ್‌ನ ನಾಣ್ಯಗಳನ್ನು ಮುದ್ರಿಸುತ್ತ ಬಂದಿರುವುದು ಈ ಟಂಕಸಾಲೆಯೇ ಆದ್ದರಿಂದ, ಆ ನಾಣ್ಯಗಳ ಪರೀಕ್ಷಾ ಮಾದರಿಗಳು ಬೆಂಗಳೂರಿನ ಸಾಧಾರಣ ಸಂಗ್ರಾಹಕನ ಕೈಗೂ ಎಟಕುತ್ತವೆ.

ಇದೇ ಕಾರಣಕ್ಕೆ ಆರಂಭದಲ್ಲೇ ಒಂದು ಎಚ್ಚರಿಕೆ ಬೇಕು. ‘ಪರೀಕ್ಷಾ ನಾಣ್ಯ, ಆದ್ದರಿಂದ ಅತ್ಯಪರೂಪ’ ಎಂದು ಮಾರಾಟಗಾರರು ಹೇಳುವ ಮಾತು ಅರ್ಧ ಮಾತ್ರ ನಿಜ. ಹಲವು ಎಸ್ಸೇಗಳ ಮುದ್ರಣಸಂಖ್ಯೆ ಸಾವಿರವನ್ನು ದಾಟುತ್ತದೆ, ಮತ್ತು ಅವು ಜನರ ಕೈಯಲ್ಲಿ ಸವೆಯದೆ ಪೊಟ್ಟಣದಲ್ಲೇ ಉಳಿದದ್ದರಿಂದ ಬಹುಪಾಲು ಇಂದಿಗೂ ಒಳ್ಳೆಯ ಸ್ಥಿತಿಯಲ್ಲಿವೆ. 1960ರ ದಶಕದ ಕೆಲವು ಸಾಮಾನ್ಯ ನಾಣ್ಯಗಳನ್ನು ಸ್ವಲ್ಪವೂ ಸವೆಯದ ಸ್ಥಿತಿಯಲ್ಲಿ ಹುಡುಕುವುದು ಅವುಗಳ ಎಸ್ಸೇಯನ್ನು ಹುಡುಕುವುದಕ್ಕಿಂತ ಕಷ್ಟವಾದೀತು. ಆದ್ದರಿಂದ ಪ್ರತಿ ಎಸ್ಸೇಯ ಜೊತೆಗೆ ಅದೇ ವಿನ್ಯಾಸದ ಚಲಾವಣೆಯ ನಾಣ್ಯವನ್ನೂ ಕೊಂಡು ಜೋಡಿಯಾಗಿಡುವುದು ಸರಿಯಾದ ಕ್ರಮವೆಂದು ನಾನು ಭಾವಿಸುತ್ತೇನೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗ ಮಾತ್ರ ಪರೀಕ್ಷೆಯ ಹಂತದಲ್ಲಿ ಟಂಕಸಾಲೆ ಏನನ್ನು ನೋಡುತ್ತಿತ್ತು ಎಂಬುದು ತಿಳಿಯುತ್ತದೆ. ಚಲಾವಣೆಯ ನಾಣ್ಯಗಳು ಅಗ್ಗವಾಗಿಯೂ ಸಿಗುತ್ತವೆ.

ಯಾವ ಬ್ಯಾಂಕು, ಯಾವ ಕಾಲ

ಸಿಎಫ್ಎ ಫ್ರಾಂಕ್ ಹುಟ್ಟಿದ್ದು 1945ರ ಡಿಸೆಂಬರ್ 26ರಂದು, ಫ್ರೆಂಚ್ ವಸಾಹತುಗಳ ಹಣವಾಗಿ. ವಸಾಹತುಗಳು ಸ್ವತಂತ್ರವಾದ ಮೇಲೂ ಹಣ ಉಳಿಯಿತು, ಆದರೆ ಅದನ್ನು ಹೊರಡಿಸುವ ಸಂಸ್ಥೆಗಳು ಎರಡಾದವು. ಪಶ್ಚಿಮ ಆಫ್ರಿಕದ ದೇಶಗಳ ಕೇಂದ್ರ ಬ್ಯಾಂಕಿನ ಫ್ರೆಂಚ್ ಹ್ರಸ್ವನಾಮ ಬಿಸಿಇಎಒ. 1959ರಲ್ಲಿ ಆರಂಭವಾದ ಇದರ ಕೇಂದ್ರ ಕಚೇರಿ ಈಗ ಸೆನೆಗಲ್‌ನ ಡಕಾರ್‌ನಲ್ಲಿದೆ. ಮಧ್ಯ ಆಫ್ರಿಕದ ದೇಶಗಳ ಬ್ಯಾಂಕು, ಅಂದರೆ ಬಿಇಎಸಿ, 1972ರಲ್ಲಿ ಸ್ಥಾಪನೆಯಾಗಿದ್ದು ಅದರ ಕೇಂದ್ರ ಕ್ಯಾಮರೂನ್‌ನ ಯಾವುಂಡೆಯಲ್ಲಿದೆ. ಇದಕ್ಕೂ ಮೊದಲು ಆ ಭಾಗದ ನಾಣ್ಯಗಳು ‘ಈಕ್ವಟೋರಿಯಲ್ ಆಫ್ರಿಕದ ರಾಜ್ಯಗಳು’ ಎಂಬ ಹೆಸರಿನಲ್ಲಿ ಬರುತ್ತಿದ್ದವು. ಎರಡೂ ಫ್ರಾಂಕ್‌ಗಳ ಬೆಲೆ ಸಮಾನವಾಗಿದ್ದರೂ, 1999ರಿಂದ ಎರಡೂ 655.957ಕ್ಕೆ ಒಂದು ಯೂರೋ ಎಂಬ ದರಕ್ಕೆ ಕಟ್ಟುಬಿದ್ದಿದ್ದರೂ, ಒಂದು ವಲಯದ ನಾಣ್ಯ ಇನ್ನೊಂದರ ಅಂಗಡಿಯಲ್ಲಿ ನಡೆಯುವುದಿಲ್ಲ.

ಸಂಗ್ರಹವನ್ನು ದೇಶವಾರು ಜೋಡಿಸಲು ಹೊರಟವರು ಇಲ್ಲಿ ತೊಡಕಿಗೆ ಸಿಲುಕುತ್ತಾರೆ. ಪಶ್ಚಿಮದ ನಾಣ್ಯಗಳಲ್ಲಿ ದೇಶದ ಗುರುತೇ ಇಲ್ಲ. ಬೆನಿನ್, ಬುರ್ಕಿನಾ ಫಾಸೊ, ಐವರಿ ಕೋಸ್ಟ್, ನೈಜರ್, ಸೆನೆಗಲ್, ಟೋಗೊ ಎಲ್ಲಕ್ಕೂ ಒಂದೇ ನಾಣ್ಯ. 1962ರಲ್ಲಿ ಈ ಹಣದ ಒಕ್ಕೂಟವನ್ನು ಬಿಟ್ಟು 1984ರಲ್ಲಿ ಮರಳಿದ ಮಾಲಿಗೂ, 1997ರಲ್ಲಿ ಸೇರಿದ ಗಿನಿ ಬಿಸಾವ್‌ಗೂ ಅದೇ. ಮಧ್ಯ ಆಫ್ರಿಕದಲ್ಲಿ ಹಾಗಲ್ಲ. 1971ರಿಂದ 100 ಫ್ರಾಂಕ್‌ನ ನಿಕ್ಕಲ್ ನಾಣ್ಯದ ಮೇಲೆ ಆಯಾ ದೇಶದ ಹೆಸರೇ ಇರುತ್ತಿತ್ತು, ಹಾಗಾಗಿ ಚಾಡ್, ಗಬಾನ್, ಕಾಂಗೋ, ಕ್ಯಾಮರೂನ್ ಮತ್ತು ಮಧ್ಯ ಆಫ್ರಿಕ ಗಣರಾಜ್ಯಕ್ಕೆ ಪ್ರತ್ಯೇಕ ಎಸ್ಸೇಗಳಿವೆ. 1976ರ 50 ಫ್ರಾಂಕ್ ಮತ್ತು 500 ಫ್ರಾಂಕ್ ನಾಣ್ಯಗಳಲ್ಲಿ ದೇಶದ ಹೆಸರಿನ ಬದಲು ಒಂದು ರೋಮನ್ ಅಕ್ಷರ ಬಂದಿತು. ಎ ಎಂದರೆ ಚಾಡ್, ಬಿ ಮಧ್ಯ ಆಫ್ರಿಕ ಗಣರಾಜ್ಯ, ಸಿ ಕಾಂಗೋ, ಡಿ ಗಬಾನ್, ಇ ಕ್ಯಾಮರೂನ್. ಪಶ್ಚಿಮದ ನೋಟುಗಳ ಮೇಲೂ ಇಂಥ ಅಕ್ಷರಗಳಿವೆ, ಆದರೆ ಅಲ್ಲಿ ಎ ಎಂದರೆ ಐವರಿ ಕೋಸ್ಟ್. ಈ ಎರಡು ಕ್ರಮಗಳನ್ನು ಬೆರೆಸಿ ಮಧ್ಯ ಆಫ್ರಿಕದ ನಾಣ್ಯವನ್ನು ‘ಐವರಿ ಕೋಸ್ಟ್’ ಎಂದು ಬರೆದು ಮಾರುವವರು ಇದ್ದಾರೆ.

ಹೀಗಾಗಿ ಆಲ್ಬಮ್ಮಿನ ಹಾಳೆಗಳನ್ನು ದೇಶಕ್ಕೆ ಒಂದರಂತೆ ಇಡದೆ ಬ್ಯಾಂಕಿಗೂ ಕಾಲಕ್ಕೂ ತಕ್ಕಂತೆ ಇಡುವುದು ಅನುಕೂಲ. ಹೊಸಬರಿಗೆ ಪಶ್ಚಿಮದ ಸರಣಿಯೇ ಸುಲಭ. 1959ರ 10 ಫ್ರಾಂಕ್, 1960ರ 5 ಫ್ರಾಂಕ್, 1961ರ ಅಲ್ಯೂಮಿನಿಯಂ 1 ಫ್ರಾಂಕ್, 1967ರ 100 ಫ್ರಾಂಕ್, 1970ರ 25 ಫ್ರಾಂಕ್, 1972ರ 50 ಫ್ರಾಂಕ್, 1976ರ ಉಕ್ಕಿನ ಸಣ್ಣ 1 ಫ್ರಾಂಕ್, 1980ರ 25 ಫ್ರಾಂಕ್ ಎಂದು ಚಲಾವಣೆಯ ವಿನ್ಯಾಸಗಳ ಸಾಲನ್ನು ಮೊದಲು ಬರೆದುಕೊಳ್ಳಬೇಕು. ನಂತರ ಯಾವ ಯಾವುದಕ್ಕೆ ಎಸ್ಸೇ ಇದೆ ಎಂಬುದನ್ನು ವಿಶ್ವದ ನಾಣ್ಯಗಳನ್ನು ಪಟ್ಟಿ ಮಾಡುವ ಕ್ರೌಸ್ ಕ್ಯಾಟಲಾಗ್‌ನಲ್ಲಿ ಅಥವಾ ನುಮಿಸ್ಟಾ ಜಾಲತಾಣದಲ್ಲಿ ನೋಡಿ ಗುರುತು ಹಾಕಿಕೊಳ್ಳಬಹುದು. ಕ್ರೌಸ್‌ನ ಸಂಖ್ಯೆಗೆ ಮೊದಲು ಇ ಅಕ್ಷರವಿದ್ದರೆ ಎಸ್ಸೇ, ಪಿಇ ಇದ್ದರೆ ದುಪ್ಪಟ್ಟು ದಪ್ಪದ ‘ಪಿಯೆಫೋರ್’ ಎಸ್ಸೇ, ಪಿಎನ್ ಇದ್ದರೆ ಒಪ್ಪಿಗೆ ಸಿಗದೆ ಉಳಿದ ಮಾದರಿಯೂ ಇರಬಹುದಾದ ವರ್ಗ, ಎಕ್ಸ್ ಇದ್ದರೆ ಅಧಿಕೃತವಲ್ಲದ ವಿಚಿತ್ರ ನಾಣ್ಯ. ಕ್ಯಾಟಲಾಗ್‌ನ ಇ ಬೇರೆ, ನಾಣ್ಯದ ಮೇಲಿನ ಕ್ಯಾಮರೂನ್‌ನ ಇ ಬೇರೆ ಎಂಬುದು ನೆನಪಿರಲಿ.

ಗಡಿಯಲ್ಲಿರುವ ಕೆಲವನ್ನು ಸೇರಿಸಬೇಕೋ ಬೇಡವೋ ಎಂಬುದು ಸಂಗ್ರಾಹಕನ ಇಷ್ಟ. 1948ರ ಅಲ್ಯೂಮಿನಿಯಂ 1 ಮತ್ತು 2 ಫ್ರಾಂಕ್‌ಗಳು ವಸಾಹತು ಕಾಲದವು. 1957ರ 10 ಮತ್ತು 25 ಫ್ರಾಂಕ್‌ಗಳು ಸ್ವಾತಂತ್ರ್ಯದ ಹೊಸ್ತಿಲಲ್ಲಿ ನಿಂತವು. ಮಾಲಿ ಹೊರಗಿದ್ದಾಗಿನ ನಾಣ್ಯಗಳು ಮಾಲಿ ಫ್ರಾಂಕ್‌ಗೆ ಸೇರಿದವು, ಸಿಎಫ್ಎಗೆ ಸೇರಿದವಲ್ಲ. ನಾನಾದರೆ 1959ರಿಂದ ಆರಂಭಿಸಿ ಮಾಲಿಯನ್ನು ಬಿಡುತ್ತೇನೆ, ಏಕೆಂದರೆ ವ್ಯಾಪ್ತಿ ಹಿಗ್ಗಿದಷ್ಟೂ ಸಂಗ್ರಹದಲ್ಲಿ ಜೋಡಿಯಿಲ್ಲದ ನಾಣ್ಯಗಳೇ ತುಂಬಿಕೊಳ್ಳುತ್ತವೆ.

ನಾಣ್ಯವನ್ನು ನೋಡುವ ಬಗೆ

1967ರ ಪಶ್ಚಿಮ ಆಫ್ರಿಕದ 100 ಫ್ರಾಂಕ್‌ನ ಎಸ್ಸೇಯನ್ನೂ ಅದೇ ವರ್ಷದ ಚಲಾವಣೆಯ ನಾಣ್ಯವನ್ನೂ ಬಿಳಿ ಬಟ್ಟೆಯ ಮೇಲಿಟ್ಟು, ಒಂದು ಬದಿಯಿಂದ ಮಾತ್ರ ಬೆಳಕು ಬೀಳುವಂತೆ ದೀಪವನ್ನು ಹೊಂದಿಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿರಿ. ಒಂದು ಮುಖದಲ್ಲಿರುವುದು ಗರಗಸ ಮೀನಿನ ಆಕೃತಿ. ಅಶಾಂತಿ ಜನರು ಚಿನ್ನದ ಪುಡಿಯನ್ನು ತೂಗಲು ಬಳಸುತ್ತಿದ್ದ ಹಿತ್ತಾಳೆಯ ತೂಕದ ಕಲ್ಲಿನಿಂದ ಈ ಆಕೃತಿಯನ್ನು ತೆಗೆದುಕೊಳ್ಳಲಾಗಿದೆ. (ಅಶಾಂತಿಯರ ನಾಡು ಇರುವುದು ಘಾನಾದಲ್ಲಿ, ಘಾನಾ ಈ ಫ್ರಾಂಕನ್ನು ಬಳಸುವುದೇ ಇಲ್ಲ ಎಂಬುದು ಒಂದು ಸ್ವಾರಸ್ಯ.) ಎಸ್ಸೇಯಲ್ಲಿ ಆ ಮೀನಿನ ಮೈಮೇಲಿನ ಗೆರೆಗಳ ತುದಿ ಚೂಪಾಗಿ ನಿಂತಿರುತ್ತದೆ, ಹಿನ್ನೆಲೆ ಒಂದೇ ಸಮನಾಗಿರುತ್ತದೆ, ಅಂಚಿನ ಏಣು ಚೌಕಾಗಿರುತ್ತದೆ. ಚಲಾವಣೆಯ ನಾಣ್ಯದಲ್ಲಿ ಅವೇ ಗೆರೆಗಳು ತುದಿಯಲ್ಲಿ ಮೆತ್ತಗಾಗಿ ಹಿನ್ನೆಲೆಯೊಳಗೆ ಕರಗಿದಂತೆ ಕಾಣುತ್ತವೆ. ಲಕ್ಷಗಟ್ಟಲೆ ನಾಣ್ಯ ಒತ್ತಿದ ಅಚ್ಚು ಸವೆದಿರುತ್ತದೆ, ನಾಣ್ಯಗಳು ಚೀಲದಲ್ಲಿ ಒಂದಕ್ಕೊಂದು ಬಡಿದಿರುತ್ತವೆ.

ಆಮೇಲೆ ನೋಡಬೇಕಾದದ್ದು ಟಂಕಸಾಲೆಯ ಎರಡು ಸಣ್ಣ ಗುರುತುಗಳನ್ನು. ಹಣ್ಣುಹೂ ತುಂಬಿದ ಕೊಂಬು ಪ್ಯಾರಿಸ್ ಟಂಕಸಾಲೆಯದು. 1973ರಲ್ಲಿ ಅದೇ ಟಂಕಸಾಲೆ ಪೆಸ್ಸಾಕ್ ಊರಿನಲ್ಲಿ ಹೊಸ ಕಾರ್ಖಾನೆ ತೆರೆದ ಮೇಲೂ ಅದೇ ಗುರುತು ಮುಂದುವರಿಯಿತು. ಇನ್ನೊಂದು ಗುರುತು ಆ ಕಾಲದ ಮುಖ್ಯ ಕೆತ್ತನೆಗಾರನದು. ಲೂಸಿಯೆಂ ಬಜೋರ್ ಕಾಲದಲ್ಲಿ, ಅಂದರೆ 1930ರಿಂದ 1958ರವರೆಗೆ, ರೆಕ್ಕೆ. ರೇಮಂ ಜೋಲಿ ಕಾಲದಲ್ಲಿ, 1958ರಿಂದ 1974ರವರೆಗೆ, ಗೂಬೆ. ಎಮಿಲ್ ರೂಸೊ ಕಾಲದಲ್ಲಿ, 1974ರಿಂದ 1994ರವರೆಗೆ, ಡಾಲ್ಫಿನ್. ಆಮೇಲೆ ಕೆಲವು ವರ್ಷ ಜೇನುನೊಣ. 1967ರ ನಾಣ್ಯದ ಮೇಲೆ ಡಾಲ್ಫಿನ್ ಕಂಡರೆ ಅದನ್ನು ಕೊಳ್ಳದಿರಲು ಬೇರೆ ಕಾರಣವೇ ಬೇಡ. ಆದರೆ ಹುಲ್ಲೆಯ ತಲೆಯಿರುವ 1959ರ 10 ಫ್ರಾಂಕ್‌ನಲ್ಲಿ ಬಜೋರ್‌ನ ಸಹಿಯೂ ಜೋಲಿಯ ಗೂಬೆಯೂ ಒಟ್ಟಿಗಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಸಹಿ ವಿನ್ಯಾಸ ಮಾಡಿದವನದು, ಗುರುತು ಮುದ್ರಣದ ಕಾಲದಲ್ಲಿ ಹುದ್ದೆಯಲ್ಲಿದ್ದವನದು.

‘ಎಸ್ಸೇ’ ಎಂಬ ಬರಹವನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಅದು ಅಚ್ಚಿನಲ್ಲೇ ಇರುವುದರಿಂದ ಅಸಲಿ ನಾಣ್ಯದಲ್ಲಿ ಅಕ್ಷರಗಳು ಉಳಿದ ಬರಹದಂತೆಯೇ ಉಬ್ಬಿರುತ್ತವೆ. ಸಾಮಾನ್ಯ ನಾಣ್ಯಕ್ಕೆ ಆಮೇಲೆ ಸೇರಿಸಿದ ಅಕ್ಷರಗಳು ತಗ್ಗಾಗಿ ಕೊರೆದಂತಿರುತ್ತವೆ, ಇಲ್ಲವೇ ಅವುಗಳ ಸುತ್ತಲಿನ ಲೋಹ ಕೆದಕಿದಂತೆ, ಬೆಸುಗೆ ಹಾಕಿದಂತೆ ಕಾಣುತ್ತದೆ. ಅಕ್ಷರಗಳ ಜಾಗ ವಿನ್ಯಾಸದಿಂದ ವಿನ್ಯಾಸಕ್ಕೆ ಬದಲಾಗುವುದರಿಂದ ಹಳೆಯ ಹರಾಜುಗಳ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸುವುದು ಒಳ್ಳೆಯದು. ಪ್ಯಾರಿಸ್‌ನ ಸಿಜಿಬಿ ಸಂಸ್ಥೆಯ ಹಿಂದಿನ ಮಾರಾಟಗಳ ಚಿತ್ರಗಳು ಅದರ ಜಾಲತಾಣದಲ್ಲಿ ಸಿಗುತ್ತವೆ. ಫ್ರೆಂಚ್ ಪದ್ಧತಿಯಂತೆ ಈ ನಾಣ್ಯಗಳ ಎರಡು ಮುಖಗಳು ಒಂದಕ್ಕೊಂದು ತಲೆಕೆಳಗಾಗಿರುತ್ತವೆ. ನಾಣ್ಯವನ್ನು ಮೇಲಿನಿಂದ ಕೆಳಕ್ಕೆ ಮಗುಚಿದರೆ ಹಿಂದಿನ ಚಿತ್ರ ನೇರವಾಗಿ ಬರಬೇಕು, ಎಡದಿಂದ ಬಲಕ್ಕೆ ತಿರುಗಿಸಿದಾಗ ನೇರವಾಗಿ ಬಂದರೆ ಅನುಮಾನಿಸಬೇಕು.

ತೂಕ ಮತ್ತು ಅಯಸ್ಕಾಂತದ ಪರೀಕ್ಷೆಗೆ ಬೇಕಾದ ಸಲಕರಣೆ ದುಬಾರಿಯಲ್ಲ. ಗ್ರಾಂನ ನೂರನೇ ಒಂದು ಭಾಗದವರೆಗೆ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ, ವರ್ನಿಯರ್ ಕ್ಯಾಲಿಪರ್ ಮತ್ತು ಒಂದು ಬಲವಾದ ಅಯಸ್ಕಾಂತ ಎಸ್.ಪಿ. ರಸ್ತೆಯಲ್ಲಿ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಪಶ್ಚಿಮದ 5 ಫ್ರಾಂಕ್ 3 ಗ್ರಾಂ, 10 ಫ್ರಾಂಕ್ 4 ಗ್ರಾಂ, 25 ಫ್ರಾಂಕ್ 8 ಗ್ರಾಂ, 100 ಫ್ರಾಂಕ್ 7 ಗ್ರಾಂ ತೂಗಬೇಕು. ಅತಿ ಸಣ್ಣ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಆದರೆ ಅರ್ಧ ಗ್ರಾಂ ಕಡಿಮೆಯಾದರೆ ನಾಣ್ಯವನ್ನು ಹಿಂದಿರುಗಿಸುವುದೇ ಸರಿ. ತೂಕ ಸುಮಾರು ಎರಡರಷ್ಟಿದ್ದರೆ ಅದು ಪಿಯೆಫೋರ್ ಇರಬಹುದು, ಆಗ ದಪ್ಪವನ್ನು ಅಳೆಯಬೇಕು. ಶುದ್ಧ ನಿಕ್ಕಲ್‌ನ 100 ಫ್ರಾಂಕ್ ಅಯಸ್ಕಾಂತಕ್ಕೆ ಅಂಟುತ್ತದೆ. 1976ರ ಉಕ್ಕಿನ 1 ಫ್ರಾಂಕ್ ಮತ್ತು ಮಧ್ಯ ಆಫ್ರಿಕದ ನಿಕ್ಕಲ್ 50 ಫ್ರಾಂಕ್ ಕೂಡ ಅಂಟುತ್ತವೆ. ತಾಮ್ರ-ನಿಕ್ಕಲ್ ಮಿಶ್ರಲೋಹದ 1972ರ 50 ಫ್ರಾಂಕ್, ಅಲ್ಯೂಮಿನಿಯಂ ಮತ್ತು ಅಲ್ಯೂಮಿನಿಯಂ ಕಂಚಿನ ನಾಣ್ಯಗಳು ಅಂಟುವುದಿಲ್ಲ. ಈ ವ್ಯತ್ಯಾಸವನ್ನು ಕೈಗೆ ಅಭ್ಯಾಸ ಮಾಡಿಸಲು ಮನೆಯ ಹಳೆಯ ಡಬ್ಬದಲ್ಲಿರುವ ನಮ್ಮ ರೂಪಾಯಿಗಳೇ ಸಾಕು. 1960ರ ದಶಕದ ನಿಕ್ಕಲ್ ರೂಪಾಯಿ ಅಯಸ್ಕಾಂತಕ್ಕೆ ಹಾರುತ್ತದೆ, 1975ರ ನಂತರದ ತಾಮ್ರ-ನಿಕ್ಕಲ್ ರೂಪಾಯಿ ಅಲ್ಲಾಡುವುದಿಲ್ಲ.

ಅಧಿಕೃತವಲ್ಲದ ‘ಪರೀಕ್ಷಾ’ ನಾಣ್ಯಗಳು

ಈ ಕ್ಷೇತ್ರದಲ್ಲಿ ದೊಡ್ಡ ಮೋಸ ನಡೆಯುವುದು ನಕಲಿಗಳಿಂದಲ್ಲ, ಯಾರ ಅನುಮತಿಯೂ ಇಲ್ಲದೆ ಖಾಸಗಿಯಾಗಿ ಮುದ್ರಿಸಿದ ಕಲ್ಪಿತ ನಾಣ್ಯಗಳಿಂದ. 2003ರ ನಂತರ ‘1500 ಸಿಎಫ್ಎ ಫ್ರಾಂಕ್ – 1 ಆಫ್ರಿಕಾ’, ‘6000 ಫ್ರಾಂಕ್ – 4 ಆಫ್ರಿಕಾ’ ಎಂದು ಬರೆದ, ಆನೆಯ ಚಿತ್ರ ಹೊತ್ತ ನಾಣ್ಯಗಳು ಬೆನಿನ್, ಟೋಗೊ, ಕ್ಯಾಮರೂನ್, ಗಬಾನ್ ಮೊದಲಾದ ದೇಶಗಳ ಹೆಸರಿನಲ್ಲಿ ಮಾರುಕಟ್ಟೆಗೆ ಬಂದವು. ‘ಆಫ್ರಿಕಾ’ ಎಂಬ ಹಣವನ್ನು ಎರಡು ಕೇಂದ್ರ ಬ್ಯಾಂಕುಗಳಲ್ಲಿ ಯಾವುದೂ ಹೊರಡಿಸಿಲ್ಲ. ಇವುಗಳನ್ನು ‘ಬರಲಿದ್ದ ಹೊಸ ಹಣದ ಪರೀಕ್ಷಾ ನಾಣ್ಯ’ ಎಂದು ಮಾರುವುದುಂಟು. 2019ರ ಡಿಸೆಂಬರ್‌ನಲ್ಲಿ ಐವರಿ ಕೋಸ್ಟ್‌ನ ಅಧ್ಯಕ್ಷ ವತ್ತಾರಾ ಮತ್ತು ಫ್ರಾನ್ಸ್‌ನ ಅಧ್ಯಕ್ಷ ಮ್ಯಾಕ್ರೋನ್ ಅವರು ಪಶ್ಚಿಮದ ಫ್ರಾಂಕ್‌ನ ಜಾಗದಲ್ಲಿ ‘ಇಕೋ’ ಬರಲಿದೆ ಎಂದು ಆಬಿಜಾನ್‌ನಲ್ಲಿ ಘೋಷಿಸಿದ ಮೇಲೆ, ಆ ಹೆಸರಿನಲ್ಲಿ ಮಾರಾಟಕ್ಕೆ ಬರುವ ಯಾವ ಲೋಹದ ತುಂಡನ್ನೂ ಇದೇ ಅನುಮಾನದಿಂದ ನೋಡಬೇಕು.

ಇಲ್ಲಿ ಅನ್ವಯಿಸುವ ನಿಯಮ ಸರಳವಾಗಿದೆ. ಹೊರಡಿಸಿದ ಬ್ಯಾಂಕಿನ ಅಥವಾ ಒಕ್ಕೂಟದ ಹೆಸರು ನಾಣ್ಯದ ಮೇಲಿದೆಯೇ, ಪ್ಯಾರಿಸ್‌ನ ಎರಡು ಗುರುತುಗಳು ಇವೆಯೇ, ಅದೇ ವಿನ್ಯಾಸದ ನಾಣ್ಯ ಚಲಾವಣೆಗೆ ಬಂದಿತ್ತೇ ಎಂದು ಕೇಳಿಕೊಳ್ಳಬೇಕು. ಮೂರಕ್ಕೂ ‘ಇಲ್ಲ’ ಎಂಬ ಉತ್ತರ ಬಂದರೆ ಅದು ಆಟಿಕೆಯ ಬೆಲೆಗೆ ಮಾತ್ರ ತಕ್ಕದ್ದು. ಪಶ್ಚಿಮದ ಒಂದೇ ದೇಶದ ಹೆಸರಿರುವ ನಾಣ್ಯ ಸಾಮಾನ್ಯವಾಗಿ ಚಲಾವಣೆಯದಲ್ಲ ಎಂಬುದನ್ನೂ, ಮಧ್ಯ ಆಫ್ರಿಕಕ್ಕೆ ಈ ಮಾತು ಹೊಂದುವುದಿಲ್ಲ ಎಂಬುದನ್ನೂ ಒಟ್ಟಿಗೆ ನೆನಪಿಡಬೇಕು.

ಕೊಳ್ಳುವುದು

ಬೆಂಗಳೂರಿನ ನಾಣ್ಯ ವ್ಯಾಪಾರ ಸಹಜವಾಗಿಯೇ ಮೈಸೂರು, ವಿಜಯನಗರ, ಬ್ರಿಟಿಷ್ ಇಂಡಿಯಾ ಇವುಗಳ ಸುತ್ತ ತಿರುಗುತ್ತದೆ. ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಆಸುಪಾಸಿನ ವ್ಯಾಪಾರಿಗಳಲ್ಲಿ ಆಫ್ರಿಕದ ಎಸ್ಸೇಗಳನ್ನು ಕೇಳಿದರೆ ಹೆಚ್ಚಿನವರು ಇಲ್ಲವೆನ್ನುತ್ತಾರೆ. ಆದರೆ ಜೋಡಿಗೆ ಬೇಕಾದ ಚಲಾವಣೆಯ ನಾಣ್ಯಗಳು, ವಿದೇಶಿ ನಾಣ್ಯಗಳನ್ನು ರಾಶಿ ಹಾಕಿ ತೂಕದ ಅಥವಾ ಬಿಡಿ ಲೆಕ್ಕದಲ್ಲಿ ಕೊಡುವ ಟ್ರೇಗಳಲ್ಲಿ ಸಿಗುತ್ತವೆ. ಕೆಂಪೇಗೌಡ ರಸ್ತೆಯ ಶಿಕ್ಷಕರ ಸದನದಂಥ ಕಡೆ ನಡೆಯುತ್ತ ಬಂದಿರುವ ನಾಣ್ಯ ಪ್ರದರ್ಶನಗಳಲ್ಲಿ ಮುಂಬೈ, ಕೋಲ್ಕತ್ತಗಳಿಂದ ಬರುವ ವಿದೇಶಿ ನಾಣ್ಯಗಳ ವ್ಯಾಪಾರಿಗಳನ್ನು ಮಾತನಾಡಿಸಿ, ಬೇಕಾದವುಗಳ ಪಟ್ಟಿಯನ್ನು ಕ್ಯಾಟಲಾಗ್ ಸಂಖ್ಯೆಯೊಡನೆ ಬರೆದುಕೊಟ್ಟು ಬರುವುದು ಉಪಯುಕ್ತ. ‘ಆಫ್ರಿಕಾದ ಟ್ರಯಲ್ ಕಾಯಿನ್ ಇದ್ದರೆ ಹೇಳಿ’ ಎಂದು ಬಾಯಲ್ಲಿ ಹೇಳಿ ಬಂದರೆ ಮೇಲೆ ಹೇಳಿದ ಆನೆಯ ನಾಣ್ಯಗಳೇ ನಿಮಗಾಗಿ ಕಾದಿರುತ್ತವೆ.

ಎಸ್ಸೇಗಳ ಮುಖ್ಯ ಮಾರುಕಟ್ಟೆ ಫ್ರಾನ್ಸ್ ಮತ್ತು ಅದರ ನೆರೆಯ ದೇಶಗಳು. ಅಲ್ಲಿಂದ ತರಿಸುವಾಗ ಬಿಡ್ ಮಾಡಿದ ಮೊತ್ತವನ್ನೇ ಬೆಲೆಯೆಂದು ತಿಳಿಯಬಾರದು. ಹರಾಜಿನ ಕಮಿಷನ್, ವಿಮೆ ಸಹಿತ ಅಂಚೆ ವೆಚ್ಚ, ಬ್ಯಾಂಕಿನ ವಿನಿಮಯ ಶುಲ್ಕ, ಇಲ್ಲಿನ ಕಸ್ಟಮ್ಸ್ ಸುಂಕ ಮತ್ತು ತೆರಿಗೆ ಎಲ್ಲವನ್ನೂ ಕೂಡಿದ ಮೇಲೆ ಬರುವ ಮೊತ್ತವೇ ನಿಜವಾದ ಬೆಲೆ. ಒಂದೊಂದೇ ನಾಣ್ಯ ತರಿಸಿದರೆ ನಾಣ್ಯಕ್ಕಿಂತ ಅಂಚೆಯೇ ದುಬಾರಿಯಾಗಬಹುದು, ಆದ್ದರಿಂದ ಒಬ್ಬರೇ ಮಾರಾಟಗಾರರಿಂದ ನಾಲ್ಕಾರು ನಾಣ್ಯಗಳನ್ನು ಒಟ್ಟಿಗೆ ಕೊಳ್ಳುವುದು ಮೇಲು. ಪೊಟ್ಟಣದ ಮೇಲೆ ‘ಉಡುಗೊರೆ’ ಎಂದೋ ಕಡಿಮೆ ಬೆಲೆಯೆಂದೋ ಬರೆಯುವಂತೆ ಮಾರಾಟಗಾರರನ್ನು ಕೇಳಬೇಡಿ. ಅದು ತಪ್ಪು ಘೋಷಣೆ, ಜೊತೆಗೆ ಪೊಟ್ಟಣ ಕಳೆದುಹೋದರೆ ವಿಮೆಯ ಹಣ ಬರೆದಿರುವ ಬೆಲೆಯಷ್ಟೇ ಸಿಗುತ್ತದೆ. ಬಿಲ್ಲಿನ ಒಂದು ಪ್ರತಿಯನ್ನು ಪೊಟ್ಟಣದ ಹೊರಗೆ ಅಂಟಿಸಲು ಹೇಳಿ, ಇನ್ನೊಂದು ಪ್ರತಿಯನ್ನು ಮತ್ತು ಹಣ ಪಾವತಿಯ ದಾಖಲೆಯನ್ನು ಕೈಯಲ್ಲಿಟ್ಟುಕೊಂಡರೆ ಕಸ್ಟಮ್ಸ್‌ನವರು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುವುದು ಸುಲಭ. ಕೊರಿಯರ್ ಮೂಲಕ ಬಂದರೆ ಕೆವೈಸಿ ದಾಖಲೆ ಕೇಳುತ್ತಾರೆ.

ವಿದೇಶದ ಸಂಗ್ರಾಹಕರು ಹಣದ ಬದಲು ವಿನಿಮಯಕ್ಕೆ ಬರುವುದುಂಟು, ಮತ್ತು ಬೆಂಗಳೂರಿನವರೆಂದು ಗೊತ್ತಾದ ಕೂಡಲೇ ಅವರು ಕೇಳುವುದು ಟಿಪ್ಪುವಿನ ಕಾಲದ ಆನೆಯ ಕಾಸುಗಳನ್ನು. ನೂರು ವರ್ಷ ಮೀರಿದ ನಾಣ್ಯಗಳು 1972ರ ಪುರಾತನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ, ಅವುಗಳನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವುದು ಅಪರಾಧ. ಬೆಲೆ ಎಷ್ಟೇ ಕಡಿಮೆಯಿರಲಿ, ಈ ವಿನಿಮಯಕ್ಕೆ ಒಪ್ಪಬಾರದು.

ಪಿಸಿಜಿಎಸ್, ಎನ್‌ಜಿಸಿ ಸಂಸ್ಥೆಗಳು ದರ್ಜೆ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದ ಎಸ್ಸೇಗಳೂ ಸಿಗುತ್ತವೆ. ಪಿಸಿಜಿಎಸ್ ಇವುಗಳಿಗೆ ಸಾಮಾನ್ಯವಾಗಿ ಎಸ್‌ಪಿ (ಸ್ಪೆಸಿಮನ್, ಅಂದರೆ ಮಾದರಿ) ಎಂಬ ಗುರುತಿನೊಡನೆ ಸಂಖ್ಯೆ ನೀಡುತ್ತದೆ. ಅಸಲಿತನದ ಭರವಸೆಗೆ ಇದು ಒಳ್ಳೆಯದು, ಆದರೆ ಎಸ್ಸೇಗಳು ಬಹುತೇಕ ಉತ್ತಮ ಸ್ಥಿತಿಯಲ್ಲೇ ಇರುವುದರಿಂದ ಎಪ್ಪತ್ತರವರೆಗಿನ ದರ್ಜೆಯ ಅಳತೆಯಲ್ಲಿ 66ಕ್ಕೂ 67ಕ್ಕೂ ನಡುವಿನ ಒಂದು ಅಂಕಕ್ಕೆ ಎರಡು ಪಟ್ಟು ಹಣ ಕೊಡುವುದರಲ್ಲಿ ಅರ್ಥ ಕಾಣುವುದಿಲ್ಲ. ಅದೇ ಹಣದಲ್ಲಿ ಇನ್ನೊಂದು ವಿನ್ಯಾಸ ಬರುತ್ತದೆ. ಬೆಳ್ಳಿ, ಚಿನ್ನದ ಪಿಯೆಫೋರ್‌ಗಳ ವಿಷಯ ಬೇರೆ, ಅಲ್ಲಿ ಪ್ರಮಾಣಪತ್ರವಿಲ್ಲದೆ ಕೊಳ್ಳುವುದು ಬೇಡ.

ಇಡುವುದು

ಅಲ್ಯೂಮಿನಿಯಂ ಎಸ್ಸೇಗಳು ಮೃದು. ಒಮ್ಮೆ ಬಿದ್ದ ಗೀರು ಹೋಗುವುದಿಲ್ಲ, ಒಂದು ಹನಿ ನೀರು ಒಣಗಿದರೂ ಕಲೆ ಉಳಿಯುತ್ತದೆ. ಅವುಗಳನ್ನು ಅಂಚಿನಲ್ಲಿ ಮಾತ್ರ ಹಿಡಿದು, ಅಳತೆಗೆ ಸರಿಯಾದ ದುಂಡು ಕ್ಯಾಪ್ಸೂಲ್‌ಗೆ ನೇರವಾಗಿ ಸೇರಿಸಬೇಕು. ಮೃದುವಾದ, ವಾಸನೆ ಬರುವ ಅಗ್ಗದ ಪಿವಿಸಿ ಹಾಳೆಗಳು ಮಳೆಗಾಲದ ತೇವದಲ್ಲಿ ತಾಮ್ರವಿರುವ ನಾಣ್ಯಗಳ ಮೇಲೆ ಹಸಿರು ಜಿಗುಟನ್ನು ಬಿಡುತ್ತವೆ. 10 ಮತ್ತು 25 ಫ್ರಾಂಕ್‌ನ ಅಲ್ಯೂಮಿನಿಯಂ ಕಂಚಿಗೆ ಈ ಅಪಾಯ ಹೆಚ್ಚು. ಜಿಗುಟು ಆಗಲೇ ಅಂಟಿದ್ದರೆ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಿಂದ ಶುದ್ಧ ಅಸಿಟೋನ್ ತಂದು, ಗಾಜಿನ ಬಟ್ಟಲಿನಲ್ಲಿ ನಾಣ್ಯವನ್ನು ಸ್ವಲ್ಪ ಹೊತ್ತು ಅದ್ದಿಟ್ಟು, ಉಜ್ಜದೆ ಗಾಳಿಯಲ್ಲಿ ಒಣಗಲು ಬಿಡಬೇಕು. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಇರಬಾರದು. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಬೇರೆ ಪದಾರ್ಥಗಳೂ ಬೆರೆತಿರುವುದರಿಂದ ಅದು ಆಗದು. ಹುಣಸೆಹಣ್ಣು, ಬೂದಿ, ಪೀತಾಂಬರಿ ಇವುಗಳನ್ನು ನಾಣ್ಯದ ಹತ್ತಿರಕ್ಕೂ ತರಬಾರದು.

ಟಂಕಸಾಲೆಯ ಮೂಲ ಪೊಟ್ಟಣದಲ್ಲೇ ಇರುವ ಎಸ್ಸೇ ಸಿಕ್ಕರೆ ಅದನ್ನು ಕತ್ತರಿಸದೆ ಹಾಗೆಯೇ ದೊಡ್ಡ ಲಕೋಟೆಯಲ್ಲಿಟ್ಟು, ಮೇಲಿನಿಂದ ಮಾತ್ರ ನೋಡಬೇಕು. ಪೊಟ್ಟಣದೊಳಗೆ ಹಸಿರು ಕಾಣಿಸಿಕೊಂಡಾಗ ಮಾತ್ರ ಅದನ್ನು ತೆರೆದು, ಖಾಲಿ ಪೊಟ್ಟಣವನ್ನು ನಾಣ್ಯದಿಂದ ದೂರ ಬೇರೊಂದು ಲಕೋಟೆಯಲ್ಲಿ ಕಾಪಾಡಿದರಾಯಿತು. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು, ಜೂನ್‌ನಿಂದ ಅಕ್ಟೋಬರ್‌ವರೆಗೆ ಅದನ್ನು ಆಗಾಗ ಬಿಸಿ ಮಾಡಿ ಒಣಗಿಸಿಕೊಳ್ಳಬೇಕು. ಪ್ರತಿ ಜೋಡಿಗೂ ಒಂದು ಚೀಟಿ ಇರಲಿ. ಅದರಲ್ಲಿ ಕ್ಯಾಟಲಾಗ್ ಸಂಖ್ಯೆ, ವರ್ಷ, ಲೋಹ, ಅಳೆದು ನೋಡಿದ ತೂಕ, ಕೆತ್ತನೆಗಾರನ ಗುರುತು, ಕೊಂಡ ಸ್ಥಳ ಮತ್ತು ಸುಂಕ ಸೇರಿ ಆದ ಒಟ್ಟು ವೆಚ್ಚವನ್ನು ಪೆನ್ಸಿಲ್ಲಿನಲ್ಲಿ ಬರೆದು, ಬಿಲ್ಲಿನ ಪ್ರತಿಯನ್ನು ಅದೇ ಸಂಖ್ಯೆಯಡಿ ಬೇರೊಂದು ಕಡತದಲ್ಲಿ ಇಡಬೇಕು. ಮುಂದೆ ಮಾರುವಾಗಲೋ ಮಕ್ಕಳಿಗೆ ಒಪ್ಪಿಸುವಾಗಲೋ ಈ ನಾಣ್ಯಗಳನ್ನು ಗುರುತಿಸಬಲ್ಲವರು ಊರಿನಲ್ಲಿ ಹೆಚ್ಚು ಮಂದಿ ಸಿಗದಿರುವುದರಿಂದ ಚೀಟಿಯಲ್ಲಿ ಬರೆದಿದ್ದೇ ಆಧಾರವಾಗುತ್ತದೆ.